ದಿಬ್ಬ, ಕಂದಕ, ಶಿಲುಬೆ: ಬಾಯ್ನ್ ಕಣಿವೆಯ ಪುಣ್ಯನೆಲ ಕೈ ಬದಲಾದ ಬಗೆ

ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಬಾಯ್ನ್ ನದಿ ಹರಿಯುತ್ತದೆ. ನಮ್ಮ ಕೃಷ್ಣಾ ತುಂಗಭದ್ರೆಯರನ್ನು ಕಂಡವರಿಗೆ ಅದು ನದಿ ಎನಿಸುವುದೂ ಕಷ್ಟವೇ. ಆದರೆ ಸಮುದ್ರ ಸೇರುವುದಕ್ಕೆ ಕೊಂಚ ಮೊದಲು ಅದು ದಕ್ಷಿಣಕ್ಕೆ ಬಳಸಿ ಮತ್ತೆ ಉತ್ತರಕ್ಕೆ ತಿರುಗುವ ತಿರುವಿನ ಒಳಗಿನ ಎತ್ತರದ ನೆಲದ ಮೇಲೆ ನ್ಯೂಗ್ರೇಂಜ್, ನೌತ್, ಡೌತ್ ಎಂಬ ಮೂರು ಮಹಾದಿಬ್ಬಗಳಿವೆ. ಪಶ್ಚಿಮಕ್ಕೆ ಸ್ಲೇನ್ ಬೆಟ್ಟ, ನೈಋತ್ಯಕ್ಕೆ ಹಳೆಯ ರಾಜರ ಟಾರಾ ಗುಡ್ಡ, ಉತ್ತರಕ್ಕೆ ಮೊನಾಸ್ಟರ್‌ಬಾಯ್ಸ್ ಎಂಬ ಹಳೆಯ ಕ್ರೈಸ್ತ ಮಠ. ನವಶಿಲಾಯುಗದ ಸಮಾಧಿಗಳಿಂದ ಹಿಡಿದು 10ನೇ ಶತಮಾನದ ಕಲ್ಲಿನ ಶಿಲುಬೆಯವರೆಗಿನ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾದಷ್ಟು ಇವು ಹತ್ತಿರ ಹತ್ತಿರ ಇವೆ.

ಹೀಗೆ ಒತ್ತಿಕೊಂಡಿರುವುದರಿಂದಲೇ ಒಂದು ಮಾತು ಸಲೀಸಾಗಿ ಹುಟ್ಟಿಕೊಳ್ಳುತ್ತದೆ: ಐದು ಸಾವಿರ ವರ್ಷಗಳಿಂದ ಜನರು ಇಲ್ಲಿ ಒಂದೇ ಭಕ್ತಿಧಾರೆಯನ್ನು ಕಡಿಯದಂತೆ ಹರಿಸಿಕೊಂಡು ಬಂದಿದ್ದಾರೆ, ದೇವರ ಹೆಸರು ಮಾತ್ರ ಬದಲಾಗಿದೆ ಎಂಬ ಮಾತು. ಕೇಳುವುದಕ್ಕೆ ಇಂಪಾಗಿರುವ ಈ ಮಾತನ್ನು ನೆಲದೊಳಗಿನ ಸಾಕ್ಷ್ಯ ಒಪ್ಪುವುದಿಲ್ಲ. ಜಾಗಗಳು ಉಳಿದುಬಂದಿರುವುದು ನಿಜ. ನಡುವೆ ಸಾವಿರಾರು ವರ್ಷಗಳ ಬಿಡುವುಗಳಿರುವುದೂ ಅಷ್ಟೇ ನಿಜ. ಪ್ರತಿ ಬಿಡುವಿನ ನಂತರ ಬಂದವರು ಕಟ್ಟಿದವರನ್ನು ಅರಿಯದೆಯೇ, ತಮ್ಮ ಕಾಲದ ಯಾವುದೋ ಅಗತ್ಯಕ್ಕಾಗಿ ಆ ದಿಬ್ಬಗಳನ್ನು ಮತ್ತೆ ತಮ್ಮದಾಗಿಸಿಕೊಂಡರು. ಆ ಅಗತ್ಯ ಯಾವುದೆಂದು ಕೇಳಿದಾಗ ಮಾತ್ರ ಇಲ್ಲಿನ ಇತಿಹಾಸ ಅರ್ಥವಾಗುತ್ತದೆ.

ಮೊದಲಿಗೆ ನ್ಯೂಗ್ರೇಂಜ್. ಕ್ರಿ.ಪೂ. 3200ರ ಸುಮಾರಿಗೆ, ಅಂದರೆ ಈಜಿಪ್ಟಿನ ಗಿಜಾ ಪಿರಮಿಡ್ಡುಗಳಿಗಿಂತ ಐದಾರು ಶತಮಾನ ಮೊದಲು, ಬೇಸಾಯ ಮಾಡಿಕೊಂಡಿದ್ದ ಜನರು ಲೋಹದ ಉಪಕರಣವಿಲ್ಲದೆ, ಚಕ್ರವಿಲ್ಲದೆ ಇದನ್ನು ಕಟ್ಟಿದರು. ದಿಬ್ಬದ ಅಡ್ಡಗಲ ಸುಮಾರು 85 ಮೀಟರ್. ಬುಡದಲ್ಲಿ ಸುತ್ತಲೂ 97 ಅಂಚುಗಲ್ಲುಗಳು. ಆಗ್ನೇಯ ದಿಕ್ಕಿನಿಂದ ಒಳಗೆ ಹೋಗುವ 19 ಮೀಟರ್ ಉದ್ದದ ಇಕ್ಕಟ್ಟಾದ ಹಾದಿ. ಅದರ ಕೊನೆಗೆ ಶಿಲುಬೆಯಾಕಾರದ ಒಂದು ಕೋಣೆ. ಕೋಣೆಯ ಚಾವಣಿಗೆ ಗಾರೆಯಿಲ್ಲ. ಚಪ್ಪಡಿಗಳನ್ನು ಸುತ್ತಿನ ಮೇಲೆ ಸುತ್ತು ಸ್ವಲ್ಪ ಸ್ವಲ್ಪವೇ ಒಳಚಾಚಿ ಏರಿಸುತ್ತಾ ಹೋಗಿ, ಆರು ಮೀಟರ್ ಎತ್ತರದಲ್ಲಿ ಒಂದೇ ಕಲ್ಲಿನಿಂದ ಮುಚ್ಚಿದ್ದಾರೆ. ಐದು ಸಾವಿರ ವರ್ಷಗಳ ಐರ್ಲೆಂಡಿನ ಮಳೆಗೂ ಒಳಗೆ ನೀರು ಇಳಿದಿಲ್ಲ. ಬಾಗಿಲಿನ ಮೇಲೆ ಒಂದು ಸಣ್ಣ ಕಲ್ಲಿನ ಗೂಡಿದೆ. 1960ರ ದಶಕದಲ್ಲಿ ಉತ್ಖನನ ನಡೆಸುತ್ತಿದ್ದ ಮೈಕೆಲ್ ಓ'ಕೆಲ್ಲಿ, ಈ ಗೂಡು ಏಕಿದೆ ಎಂಬ ಪ್ರಶ್ನೆ ಹೊತ್ತು 1967ರ ಡಿಸೆಂಬರ್ 21ರ ಬೆಳಿಗ್ಗೆ ಒಳಗೆ ಹೋಗಿ ಕಾದು ಕುಳಿತರು. ವರ್ಷದ ಅತಿ ಚಿಕ್ಕ ಹಗಲಿನ ಆ ಸೂರ್ಯ ಮೂಡುತ್ತಿದ್ದಂತೆ ಬೆಳಕಿನ ಒಂದು ಎಳೆ ಗೂಡಿನ ಮೂಲಕ ನುಗ್ಗಿ, ಹಾದಿಯ ನೆಲದ ಮೇಲೆ ಹರಿದು, ಕೋಣೆಯ ಒಳಭಾಗದವರೆಗೂ ತಲುಪಿತು. ಅದು ನಿಂತದ್ದು ಸುಮಾರು 17 ನಿಮಿಷ. ಬಾಗಿಲಿಗೆ ಕಲ್ಲು ಮುಚ್ಚಿದ್ದರೂ ಗೂಡಿನಿಂದ ಬೆಳಕು ಬರುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಒಳಗಿದ್ದ ಸುಟ್ಟ ಮೂಳೆಗಳಿಗಾಗಿಯೇ, ಸತ್ತವರಿಗಾಗಿಯೇ, ಆ ಬೆಳಕಿನ ಏರ್ಪಾಡು ಇದ್ದಂತೆ ಕಾಣುತ್ತದೆ.

ಇಂದು ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆದುಕೊಳ್ಳುವ ಮುಂಭಾಗದ ಬಿಳಿ ಬೆಣಚುಕಲ್ಲಿನ ಕಡಿದಾದ ಗೋಡೆ 1970ರ ದಶಕದ ಪುನರ್ನಿರ್ಮಾಣ. ಕಲ್ಲುಗಳು ಹಳೆಯವೇ, ದಕ್ಷಿಣದ ವಿಕ್ಲೋ ಬೆಟ್ಟಗಳ ಕಡೆಯಿಂದ ತಂದವು. ಆದರೆ ಅವು ಗೋಡೆಯಾಗಿ ನಿಂತಿದ್ದವೋ, ನೆಲಕ್ಕೆ ಹಾಸಿದ್ದವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಜಗಳವಿದೆ. ಪುಣ್ಯಸ್ಥಳವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವ ಚಾಳಿ ಹಳಬರಿಗಷ್ಟೇ ಮೀಸಲಲ್ಲ.

ಕಟ್ಟಿದ ಮೇಲೆ ಏನಾಯಿತು? ಏಳು ಶತಮಾನಗಳ ನಂತರ, ಕ್ರಿ.ಪೂ. 2500ರ ಸುಮಾರಿಗೆ, ದಿಬ್ಬದ ಹೊರಗೆ ಮರದ ಕಂಬಗಳನ್ನು ದೊಡ್ಡ ವೃತ್ತಗಳಾಗಿ ನೆಡಲಾಯಿತು. ಸುತ್ತಮುತ್ತ ಒಡ್ಡು ಕಂದಕಗಳ ವರ್ತುಲ ಆವರಣಗಳು ಬಂದವು. ಅಂಥ ಒಂದು ಆವರಣ 2018ರ ಜುಲೈ ತಿಂಗಳ ಬರಗಾಲದಲ್ಲಿ ಪತ್ತೆಯಾಯಿತು: ನೆಲದಡಿ ಹಳೆಯ ಗುಣಿಗಳಿದ್ದಲ್ಲಿ ತೇವ ಉಳಿದು, ಒಣಗಿದ ಹೊಲದ ನಡುವೆ ಪೈರು ಹಸಿರು ಉಂಗುರವಾಗಿ ಎದ್ದು ಕಂಡದ್ದನ್ನು ಡ್ರೋನ್ ಹಾರಿಸುತ್ತಿದ್ದ ಇಬ್ಬರು ಆಸಕ್ತರು ಗುರುತಿಸಿದರು. ಈ ಹೊಸ ಆಚರಣೆಗಳು ನಡೆದದ್ದು ಸಮಾಧಿಯ ಒಳಗಲ್ಲ, ಹೊರಗಿನ ಬಯಲಿನಲ್ಲಿ. ಗುಟ್ಟಾಗಿ ಕೆಲವರೇ ಹೋಗುತ್ತಿದ್ದ ಕತ್ತಲ ಕೋಣೆಯಿಂದ ಜನ ನೆರೆಯುವ ತೆರೆದ ಅಂಗಳಕ್ಕೆ ಧರ್ಮ ಬಂದಿತ್ತು ಎನ್ನಬಹುದು. ಆಮೇಲೆ ಬಹಳ ಕಾಲ ಇಲ್ಲಿ ಹೇಳಿಕೊಳ್ಳುವಂಥ ಚಟುವಟಿಕೆಯೇ ಕಾಣುವುದಿಲ್ಲ. ಮತ್ತೆ ಸದ್ದು ಕೇಳುವುದು ಕ್ರಿಸ್ತಶಕದ ಮೊದಲ ನಾಲ್ಕು ಶತಮಾನಗಳಲ್ಲಿ: ಯಾರೋ ಬಂದು ದಿಬ್ಬದ ಮುಂದೆ ರೋಮನ್ ನಾಣ್ಯಗಳನ್ನೂ ಚಿನ್ನದ ಒಡವೆಗಳನ್ನೂ ಹರಕೆಯಂತೆ ಬಿಟ್ಟುಹೋಗಿದ್ದಾರೆ. ಐರ್ಲೆಂಡ್ ಎಂದೂ ರೋಮ್ ಸಾಮ್ರಾಜ್ಯದ ಭಾಗವಾಗಿರಲಿಲ್ಲವಾದ್ದರಿಂದ, ಹರಕೆ ಹೊತ್ತವರು ಬ್ರಿಟನ್ನಿನಿಂದ ಬಂದ ಯಾತ್ರಿಕರೋ, ಅಲ್ಲಿಗೆ ಹೋಗಿ ಮರಳಿದ ಐರಿಷರೋ ಆಗಿರಬೇಕು. ಅಷ್ಟು ಹೊತ್ತಿಗೆ ದಿಬ್ಬದ ಕಲ್ಲು ಕುಸಿದು ಬಾಗಿಲು ಮುಚ್ಚಿಹೋಗಿತ್ತು. ಅವರು ಕೈಮುಗಿದದ್ದು ಒಳಗಿನ ಬೆಳಕಿನ ಏರ್ಪಾಡಿನ ಸುಳಿವೇ ಇಲ್ಲದ ಒಂದು ಗುಡ್ಡಕ್ಕೆ.

ಕಟ್ಟಿದವರನ್ನು ಮರೆತ ಜನರು ಕಟ್ಟಡಕ್ಕೆ ಹೊಸ ಒಡೆಯರನ್ನು ಹುಡುಕಿಕೊಳ್ಳುತ್ತಾರೆ. ಐರಿಷ್ ಪುರಾಣಗಳಲ್ಲಿ ನ್ಯೂಗ್ರೇಂಜ್ ದಗ್ದಾ ಎಂಬ ದೇವತೆಯ ಮತ್ತು ಅವನ ಮಗ ಏಂಗಸನ ಅರಮನೆ. ದಿಬ್ಬಗಳೆಲ್ಲ ನೆಲದಡಿಯ ಲೋಕದ ಬಾಗಿಲುಗಳು. ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ನಮ್ಮ ಜನ ಮೋರ್ಯರ ಮನೆಗಳೆಂದು ಕರೆದದ್ದೂ ಇದೇ ಬಗೆಯ ಕೆಲಸ. ಈ ಎರಡು ನಾಡುಗಳ ನಡುವೆ ನೇರವಾದ ಒಂದು ಕೊಂಡಿಯೂ ಇದೆ: ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ 19ನೇ ಶತಮಾನದ ನಡುಭಾಗದಲ್ಲಿ ರಾಜನಕೋಳೂರು, ಜೇವರ್ಗಿಯ ಕಡೆಯ ಶಿಲಾಸಮಾಧಿಗಳನ್ನು ಪರಿಶೀಲಿಸಿ, ಕೆಲವನ್ನು ಅಗೆದು, ಆ ವಿವರಗಳನ್ನು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟಗಳಲ್ಲಿ ಪ್ರಕಟಿಸಿದ. ಎರಡೂ ಕಡೆಯ ಕಲ್ಲುಗಳನ್ನು ನೋಡಿದ ಅವನಿಗೆ ಇವು ಕೆಲ್ಟ್ ಜನರ, ಅವರ ಪುರೋಹಿತರಾದ ಡ್ರೂಯಿಡ್‌ಗಳ ಕೆಲಸದಂತೆ ತೋರಿದವು. ಅವನ ಅಳತೆ, ನಕ್ಷೆಗಳು ಎಚ್ಚರದವು. ತೀರ್ಮಾನ ಮಾತ್ರ ನಿಲ್ಲಲಿಲ್ಲ. ಬಾಯ್ನ್ ಕಣಿವೆಯ ದಿಬ್ಬಗಳು ಕೆಲ್ಟಿಕ್ ಭಾಷೆಗಳು ಐರ್ಲೆಂಡಿಗೆ ಬರುವುದಕ್ಕಿಂತ ಎಷ್ಟೋ ಹಳೆಯವು, ಸುರಪುರದ ಸಮಾಧಿಗಳಾದರೋ ಬಹುಮಟ್ಟಿಗೆ ಕಬ್ಬಿಣ ಯುಗದವು. ನಡುವೆ ಎರಡು ಸಾವಿರ ವರ್ಷಗಳ ಅಂತರವಿದೆ.

ಜನಪದ ನೆನಪಿನ ಆಯುಷ್ಯದ ಬಗ್ಗೆ ಒಂದು ಪ್ರಸಂಗ ಮಾತ್ರ ಯಾರನ್ನಾದರೂ ತಡೆದು ನಿಲ್ಲಿಸುತ್ತದೆ. ಮಧ್ಯಯುಗದ ಐರಿಷ್ ಸ್ಥಳಪುರಾಣದಲ್ಲಿ ಡೌತ್ ದಿಬ್ಬದ ಕಥೆ ಹೀಗಿದೆ: ಬ್ರೆಸಲ್ ಎಂಬ ದೊರೆ ಒಂದೇ ಹಗಲಿನಲ್ಲಿ ಆಕಾಶ ಮುಟ್ಟುವ ಗೋಪುರ ಕಟ್ಟಿಸಹೊರಟ, ಅವನ ತಂಗಿ ಮಂತ್ರಬಲದಿಂದ ಸೂರ್ಯನನ್ನು ನಿಲ್ಲಿಸಿದಳು, ಅವನು ಆ ತಂಗಿಯನ್ನೇ ಕೂಡಿದ್ದರಿಂದ ಮಂತ್ರ ಕೆಟ್ಟು ಕತ್ತಲಾಯಿತು, ಕೆಲಸ ಅರ್ಧಕ್ಕೇ ನಿಂತಿತು. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಳಿವಿಜ್ಞಾನಿಗಳು ನ್ಯೂಗ್ರೇಂಜಿನ ಕೋಣೆಯಲ್ಲಿ ಸಿಕ್ಕಿದ್ದ ಒಬ್ಬ ಗಂಡಸಿನ ಮೂಳೆಯ ಡಿಎನ್‌ಎ ಪರೀಕ್ಷಿಸಿದಾಗ, ಅವನ ತಂದೆತಾಯಿ ಒಡಹುಟ್ಟಿದವರು ಅಥವಾ ಹೆತ್ತವರು-ಮಕ್ಕಳು ಎಂಬಷ್ಟು ಹತ್ತಿರದ ಸಂಬಂಧಿಗಳಾಗಿದ್ದರೆಂದು ತಿಳಿಯಿತು. ಸೂರ್ಯ, ದಿಬ್ಬ, ನಿಷಿದ್ಧ ಕೂಟ: ಮೂರೂ ಹೊಂದಿಕೊಳ್ಳುತ್ತವೆ. ಇದು ನಾಲ್ಕು ಸಾವಿರ ವರ್ಷಗಳ ನೆನಪೇ? ನನಗಂತೂ ನಂಬಲು ಧೈರ್ಯ ಸಾಲದು. ಕಥೆ ಡೌತ್‌ನದು, ಮೂಳೆ ನ್ಯೂಗ್ರೇಂಜಿನದು. ಪರೀಕ್ಷೆಯ ಫಲ ಒಬ್ಬನೇ ವ್ಯಕ್ತಿಯದು. ಒಬ್ಬನ ಹುಟ್ಟಿನಿಂದ ಇಡೀ ರಾಜವಂಶದ ರೂಢಿಯನ್ನು ಊಹಿಸುವುದು ಆತುರವೆಂದು ಪುರಾತತ್ವಜ್ಞರಲ್ಲೇ ಹಲವರು ಎಚ್ಚರಿಸಿದ್ದಾರೆ.

ಮೂಲದ ಅರ್ಥ ತಿಳಿಯದೆಯೂ ಹಳೆಯ ಜಾಗವನ್ನು ಬಳಸಿಕೊಂಡದ್ದಕ್ಕೆ ನೌತ್ ಒಳ್ಳೆಯ ಸಾಕ್ಷಿ. ಮೂರರಲ್ಲಿ ದೊಡ್ಡದಾದ ಈ ದಿಬ್ಬದೊಳಗೆ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಹಾದಿಗಳಿವೆ. ಕೆತ್ತನೆಯ ಕಲ್ಲುಗಳು ಇನ್ನೂರಕ್ಕೂ ಹೆಚ್ಚು. ಜಾರ್ಜ್ ಇಯೋಗನ್ 1962ರಿಂದ ನಾಲ್ಕು ದಶಕಗಳಷ್ಟು ಕಾಲ ಇಲ್ಲಿ ಅಗೆದು ನೋಡಿದರು. 8ನೇ ಶತಮಾನದ ಹೊತ್ತಿಗೆ ಉತ್ತರ ಬ್ರೇಗಾ ಎಂಬ ಸೀಮೆಯ ಕ್ರೈಸ್ತ ಅರಸರು ಇದನ್ನೇ ತಮ್ಮ ನೆಲೆ ಮಾಡಿಕೊಂಡಿದ್ದರು. ದಿಬ್ಬದ ಮೇಲೂ ಸುತ್ತಲೂ ಮನೆಗಳು, ನೆಲದಡಿ ಉಗ್ರಾಣದಂಥ ಸುರಂಗಗಳು. ಒಳಗೆ ಹೋದವರು ನವಶಿಲಾಯುಗದ ಸುರುಳಿ ಚಿತ್ತಾರದ ಕಲ್ಲುಗಳ ಮೇಲೆಯೇ ಐರಿಷ್ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಗೀಚಿದ್ದಾರೆ. ಇಂದು ಕೋಟೆಗೋಡೆಗಳ ಮೇಲೆ ಕಾಣುವ ಅದೇ ಉಪದ್ರವ, ಸಾವಿರದಿನ್ನೂರು ವರ್ಷ ಹಳೆಯದಾದ್ದರಿಂದ ಈಗ ಆಕರವಾಗಿದೆ. ಇಷ್ಟು ಎತ್ತರದ ಪುರಾತನ ದಿಬ್ಬದ ಮೇಲೆ ಕುಳಿತ ಅರಸ, ತನ್ನ ವಂಶವೂ ಅಷ್ಟೇ ಪುರಾತನವೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಟಾರಾದ ಕಥೆ ಇನ್ನೂ ಗೋಜಲು. ಅಲ್ಲಿಯೂ ಮೊದಲಿದ್ದದ್ದು ನವಶಿಲಾಯುಗದ ಒಂದು ಪುಟ್ಟ ಹಾದಿ-ಸಮಾಧಿಯೇ. ಕಂಚಿನ ಯುಗದಲ್ಲಿ ಅದರ ಮೈಯೊಳಗೆ ಹೊಸ ಶವಗಳನ್ನು ಇಟ್ಟರು. ಒಬ್ಬ ಹುಡುಗನ ಕೊರಳಲ್ಲಿ ಅಂಬರ್, ಜೆಟ್, ಕಂಚಿನ ಮಣಿಗಳ ಸರವಿತ್ತು. ಕ್ರಿಸ್ತಪೂರ್ವ ಒಂದನೇ ಶತಮಾನದ ಸುಮಾರಿಗೆ ಗುಡ್ಡದ ತಲೆಯನ್ನು ಬಳಸಿ ಸುಮಾರು ಒಂದು ಕಿಲೋಮೀಟರ್ ಸುತ್ತಳತೆಯ ಒಡ್ಡು ಹಾಕಿ ಆ ಹಳೆಯ ಸಮಾಧಿಯನ್ನೂ ಒಳಗೆ ಸೇರಿಸಿಕೊಂಡರು. ಈ ಒಡ್ಡಿನ ಒಂದು ವಿಶೇಷವನ್ನು ಹತ್ತಿರದಿಂದ ನೋಡಬೇಕು. ಕೋಟೆಗಾದರೆ ಕಂದಕ ಹೊರಗೆ, ಒಡ್ಡು ಒಳಗೆ. ಶತ್ರು ಮೊದಲು ಹಳ್ಳಕ್ಕೆ ಬೀಳಬೇಕು. ಟಾರಾದಲ್ಲಿ ಕಂದಕವೇ ಒಳಗಿದೆ. ರಕ್ಷಣೆಗೆ ಇದು ತೀರಾ ನಿಷ್ಪ್ರಯೋಜಕ. ಹೊರಗಿನವರು ಒಳಬರದಂತೆ ತಡೆಯುವುದಕ್ಕಿಂತ ಒಳಗಿನದನ್ನು ಹೊರಲೋಕದಿಂದ ಬೇರ್ಪಡಿಸುವುದೇ ಕಟ್ಟಿದವರ ಉದ್ದೇಶವಾಗಿತ್ತು. ಆರ್ಮಾ ಬಳಿಯ ನ್ಯಾವನ್‌ನಲ್ಲೂ ಕಿಲ್ಡೇರ್ ಬಳಿಯ ಡೂನ್ ಆಲಿನ್‌ನಲ್ಲೂ ಇದೇ ವಿನ್ಯಾಸವಿದೆ. ಟಾರಾ ಗುಡ್ಡದ ಮೇಲಿನ ಇನ್ನೊಂದು ವರ್ತುಲವನ್ನು 1899ರಿಂದ 1902ರವರೆಗೆ ಬ್ರಿಟಿಷ್ ಇಸ್ರೇಲೈಟರು ಎಂಬ ಪಂಥದವರು ಬೈಬಲ್ಲಿನ ಒಡಂಬಡಿಕೆಯ ಮಂಜೂಷ ಅಲ್ಲಿ ಹೂತಿದೆಯೆಂದು ಅಗೆದು ಹಾಳುಗೆಡವಿದರು. ಕವಿ ಯೇಟ್ಸ್ ಮುಂತಾದವರು ಪ್ರತಿಭಟಿಸಿದರು. ಮಂಜೂಷವೇನೂ ಸಿಗಲಿಲ್ಲ.

ಇಂಥ ನಾಡಿಗೆ ಕ್ರೈಸ್ತ ಧರ್ಮ ಬಂದದ್ದು 5ನೇ ಶತಮಾನದಲ್ಲಿ, ಅಥವಾ ಅದಕ್ಕೂ ಸ್ವಲ್ಪ ಮೊದಲು. 431ರಲ್ಲಿ ರೋಮಿನ ಪೋಪ್ ಪಲ್ಲಾಡಿಯಸ್ ಎಂಬವನನ್ನು "ಕ್ರಿಸ್ತನಲ್ಲಿ ವಿಶ್ವಾಸವಿಟ್ಟ ಐರಿಷರಿಗೆ" ಮೊದಲ ಬಿಷಪ್ಪನಾಗಿ ಕಳಿಸಿದನೆಂದು ಸಮಕಾಲೀನ ದಾಖಲೆ ಇದೆ. ವಿಶ್ವಾಸಿಗಳು ಆಗಲೇ ಇದ್ದರು ಎಂದಾಯಿತು. ಎಲ್ಲರಿಗೂ ಗೊತ್ತಿರುವ ಕಥೆ ಮಾತ್ರ ಬೇರೆ. 433ರ ಈಸ್ಟರ್ ಹಬ್ಬದ ಹಿಂದಿನ ರಾತ್ರಿ, ಟಾರಾದ ದೊರೆ ಲೋಗರೆ ತನ್ನ ಬೆಂಕಿಗಿಂತ ಮೊದಲು ಯಾರೂ ಬೆಂಕಿ ಹೊತ್ತಿಸಬಾರದೆಂದು ಕಟ್ಟಪ್ಪಣೆ ಮಾಡಿದ್ದಾಗ, ಸಂತ ಪ್ಯಾಟ್ರಿಕ್ ಎದುರಿನ ಸ್ಲೇನ್ ಬೆಟ್ಟದ ಮೇಲೆ ಬೆಂಕಿ ಹಚ್ಚಿದ. ಇಂದು ರಾತ್ರಿಯೇ ಅದನ್ನು ಆರಿಸದಿದ್ದರೆ ಎಂದೆಂದಿಗೂ ಆರದು ಎಂದು ಡ್ರೂಯಿಡ್‌ಗಳು ದೊರೆಗೆ ಹೇಳಿದರು. ನೆಲದ ಮೇಲೆ ನಿಂತು ನೋಡಿದರೆ ಕಥೆ ಮೈಗೂಡಿಬಿಡುತ್ತದೆ, ಏಕೆಂದರೆ ಟಾರಾದಿಂದ ಸ್ಲೇನ್ ನಿಜಕ್ಕೂ ಕಾಣುತ್ತದೆ.

ಆದರೆ ಈ ಕಥೆಯನ್ನು ಬರೆದವನು ಮುಯಿರ್ಖೂ ಎಂಬ ಪಾದ್ರಿ, ಬರೆದದ್ದು 7ನೇ ಶತಮಾನದ ಕೊನೆಗೆ, ಘಟನೆಯೆಂದು ಹೇಳುವ ಕಾಲಕ್ಕೆ ಎರಡು ಶತಮಾನಗಳಿಗೂ ಹೆಚ್ಚು ತಡವಾಗಿ. ಅವನ ಕಥೆಯಲ್ಲಿ ಟಾರಾ ಇನ್ನೊಂದು ಬ್ಯಾಬಿಲಾನ್, ಲೋಗರೆ ಇನ್ನೊಬ್ಬ ನೆಬುಕದ್ನೆಚ್ಚರ. ಬೈಬಲ್ಲಿನ ಅಚ್ಚಿನಲ್ಲಿ ಎರೆದ ಪ್ರಸಂಗ ಅದು. ಬೆಂಕಿ ಹೊತ್ತಿದ ಜಾಗಕ್ಕೆ ಅವನು ಕೊಡುವ ಹೆಸರು ಬೇರೆಯದು. ಅದನ್ನು ಸ್ಲೇನ್ ಎಂದು ಗುರುತಿಸಿದ್ದು ಆಮೇಲಿನವರು. ಪ್ಯಾಟ್ರಿಕ್ ಸ್ವತಃ ಬರೆದ ಎರಡು ಬರಹಗಳು ಉಳಿದಿವೆ: ಅವುಗಳಲ್ಲಿ ಟಾರಾ ಇಲ್ಲ, ಸ್ಲೇನ್ ಇಲ್ಲ, ಬೆಂಕಿಯೂ ಇಲ್ಲ. ಇರುವುದು ಕಣ್ಣಿಗೆ ಕಾಣುವ ಸೂರ್ಯನನ್ನು ಪೂಜಿಸುವವರಿಗೆ ಕೇಡು ಕಾದಿದೆ, ನಿಜವಾದ ಸೂರ್ಯ ಕ್ರಿಸ್ತನೇ ಎಂಬ ಎಚ್ಚರಿಕೆ. ಹಾಗಾದರೆ ಮುಯಿರ್ಖೂ ಏಕೆ ಟಾರಾವನ್ನೇ ಆರಿಸಿಕೊಂಡ? ಆರ್ಮಾದ ಮಠವು ಪ್ಯಾಟ್ರಿಕ್‌ನ ಹೆಸರಿನಲ್ಲಿ ಇಡೀ ಐರ್ಲೆಂಡಿನ ಚರ್ಚುಗಳ ಮೇಲೆ ಹಿರಿತನ ಸ್ಥಾಪಿಸಲು ಹೊರಟಿದ್ದ ಕಾಲ ಅದು. ತಮ್ಮ ಸಂತ ಅತಿ ದೊಡ್ಡ ಪೇಗನ್, ಅಂದರೆ ಕ್ರೈಸ್ತಪೂರ್ವ ಧರ್ಮದ, ಪೀಠವನ್ನು ಎದುರಿಸಿ ಗೆದ್ದನೆಂದರೆ ಆ ಹಕ್ಕಿಗೆ ಬಲ ಬರುತ್ತದೆ. ಅಂದರೆ ಟಾರಾದ ಪೇಗನ್ ವೈಭವವನ್ನು ಹೊಗಳಿ ಉಳಿಸಿಕೊಳ್ಳುವುದು ಕ್ರೈಸ್ತರಿಗೇ ಬೇಕಾಗಿತ್ತು.

ಇದೇ ಲೆಕ್ಕಾಚಾರ ಕ್ರಿ.ಶ. 800ರ ಸುಮಾರಿಗೆ ಏಂಗಸ್ ಎಂಬ ಸನ್ಯಾಸಿ (ದೇವತೆಯ ಹೆಸರೇ ಇವನದೂ) ರಚಿಸಿದ ಸಂತಸ್ಮರಣೆಯ ಪದ್ಯದಲ್ಲಿ ನೇರವಾಗಿಯೇ ಬರುತ್ತದೆ. ಟಾರಾ ಅಳಿಯಿತು, ಆರ್ಮಾ ನಿಂತಿದೆ. ಕ್ರೂಖನ್ ಅಳಿಯಿತು, ಕ್ಲೊನ್‌ಮಕ್‌ನಾಯ್ಸ್ ಮೆರೆಯುತ್ತಿದೆ. ಆಲಿನ್ ಅಳಿಯಿತು, ಬ್ರಿಜಿಡಳ ಕಿಲ್ಡೇರ್ ಗೆದ್ದಿದೆ. ನ್ಯಾವನ್‌ನಲ್ಲಿ ಕಲ್ಲುಗಳಷ್ಟೇ ಉಳಿದಿವೆ, ಗ್ಲೆಂಡಲಾಕ್ ಜನರಿಂದ ತುಂಬಿದೆ ಎಂದು ಅವನು ಹಳೆಯ ರಾಜಪೀಠಗಳನ್ನೂ ಹೊಸ ಮಠಗಳನ್ನೂ ಜೋಡಿಸಿ ಹಾಡುತ್ತಾನೆ. ಬಿದ್ದ ಎದುರಾಳಿಯ ಪಟ್ಟಿ ಗೆದ್ದವನಿಗೆ ಬಿರುದಾವಳಿಯಿದ್ದಂತೆ.

ನ್ಯಾವನ್‌ನಲ್ಲಿ ಉಳಿದ ಆ ಕಲ್ಲುಗಳ ಹಿನ್ನೆಲೆ ಉತ್ಖನನದಲ್ಲಿ ಬಯಲಾಗಿದೆ. ಸುಮಾರು 40 ಮೀಟರ್ ಅಗಲದ ದುಂಡನೆಯ ಮಹಾಮಂಟಪ. ನಡುವೆ ಓಕ್ ಮರದ ಭಾರಿ ಕಂಬ. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಅದನ್ನು ಕಡಿದದ್ದು ಕ್ರಿ.ಪೂ. 95ರ ಕೊನೆಗೆ ಅಥವಾ 94ರ ಆರಂಭಕ್ಕೆ ಎಂದು ಗೊತ್ತುಮಾಡಿದ್ದಾರೆ. ಕಟ್ಟಿದ ಸ್ವಲ್ಪ ಕಾಲಕ್ಕೇ ಮಂಟಪದ ತುಂಬ ಸುಣ್ಣಕಲ್ಲು ಒಟ್ಟಿ, ಹೊರಗೋಡೆಗೆ ಬೆಂಕಿ ಇಟ್ಟು, ಮೇಲೆ ಹುಲ್ಲುಹೆಂಟೆ ಹೊದಿಸಿ ದಿಬ್ಬ ಮಾಡಿದರು. ಕಬ್ಬಿಣ ಯುಗದವರು ಹಳೆಯ ಸಮಾಧಿ ದಿಬ್ಬಗಳನ್ನು ನೋಡಿಯೇ ಇಂಥದೊಂದನ್ನು ಹೊಸದಾಗಿ ಸೃಷ್ಟಿಸಿಕೊಂಡರೆಂದು ಹಲವರ ಊಹೆ. ನನಗೂ ಅದು ಒಪ್ಪುವಂತಿದೆ. ಆರ್ಮಾದ ಚರ್ಚು ಎದ್ದದ್ದು ಅಲ್ಲಿಂದ ಮೂರು ಕಿಲೋಮೀಟರ್‌ಗಳೊಳಗೆ, ಬೇರೊಂದು ಗುಡ್ಡದ ಮೇಲೆ. ನ್ಯಾವನ್ ದಿಬ್ಬದ ನೆತ್ತಿಯ ಮೇಲೆ ಅದನ್ನು ಕಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ದೇಗುಲಗಳನ್ನು ಕೆಡವದೆ ತೀರ್ಥ ಪ್ರೋಕ್ಷಿಸಿ ಬಳಸಿಕೊಳ್ಳಿ ಎಂದು ಪೋಪ್ ಗ್ರೆಗೊರಿ 601ರಲ್ಲಿ ಬರೆದ ಪತ್ರವನ್ನು ಐರ್ಲೆಂಡಿಗೂ ಅನ್ವಯಿಸುವವರಿದ್ದಾರೆ. ಇಲ್ಲಿ ನಡೆದದ್ದು ಅದಲ್ಲ. ಹಳೆಯ ಪೀಠದ ನೆರೆಯಲ್ಲಿ ನಿಂತು ಅದರ ಘನತೆಯನ್ನು ಎಳೆದುಕೊಳ್ಳುವುದು ಐರಿಷ್ ಮಠಗಳ ಹೆಚ್ಚು ಸಾಮಾನ್ಯವಾದ ನಡೆ.

ಮಠದ ಒಳವಿನ್ಯಾಸದಲ್ಲೂ ಹಳೆಯದು ಹೊಸದು ಬೆರೆತಿವೆ. ಆದಿ ಐರಿಷ್ ಮಠಗಳ ಆವರಣ ದುಂಡನೆಯದು. ನೆಂಡ್ರಮ್‌ನಲ್ಲಿ ಒಂದರೊಳಗೊಂದು ಮೂರು ಗೋಡೆಗಳಿವೆ. 8ನೇ ಶತಮಾನದ ಆರಂಭದ ಐರಿಷ್ ಧರ್ಮನಿಯಮ ಸಂಗ್ರಹವು ಪುಣ್ಯ, ಪುಣ್ಯತರ, ಪುಣ್ಯತಮ ಎಂದು ಮೂರು ವಲಯಗಳನ್ನು ವಿಧಿಸಿ, ನಟ್ಟನಡುವಿಗೆ ಪಾದ್ರಿಗಳಿಗಷ್ಟೇ, ಅದರಾಚೆಗೆ ಸಜ್ಜನ ಗೃಹಸ್ಥರಿಗೆ, ಹೊರ ವಲಯಕ್ಕೆ ಕೊಲೆಗಾರರಿಗೂ ವ್ಯಭಿಚಾರಿಗಳಿಗೂ ಪ್ರವೇಶ ಕೊಡುತ್ತದೆ. ಅಪರಾಧಿಗಳಿಗೆ ಅಲ್ಲಿ ಆಶ್ರಯವೂ ಇತ್ತು. ವಲಯಗಳ ಕಲ್ಪನೆ ಬೈಬಲ್ಲಿನದು, ಜೆರೂಸಲೇಮಿನ ದೇವಾಲಯವೇ ಮಾದರಿ. ದುಂಡನೆಯ ಒಡ್ಡು ಮಾತ್ರ ಆ ಕಾಲದ ಐರಿಷ್ ರೈತನ ಮನೆಯ ಸುತ್ತಲೂ ಇರುತ್ತಿದ್ದಂಥದೇ. ಮಠದ ನೆಲ ಆರಿಸುವಾಗ ಪುರಾಣಕ್ಕಿಂತ ದಾರಿ, ಹೊಳೆ, ದಾನಿಯ ಧಾರಾಳತನವೇ ಎಷ್ಟೋ ಸಲ ಮುಖ್ಯವಾಗಿದ್ದವು. 6ನೇ ಶತಮಾನದಲ್ಲಿ ಸಂತ ಕಿಯರನ್ ಕ್ಲೊನ್‌ಮಕ್‌ನಾಯ್ಸ್ ಸ್ಥಾಪಿಸಿದ್ದು ಶಾನನ್ ನದಿಯನ್ನು ದ್ವೀಪದ ಪೂರ್ವ-ಪಶ್ಚಿಮ ಹೆದ್ದಾರಿ ದಾಟುವ ಎಡೆಯಲ್ಲಿ.

ಅಟ್ಲಾಂಟಿಕ್ ಸಾಗರದ ಸ್ಕೆಲಿಗ್ ಮೈಕೆಲ್ ಬಂಡೆಯ ಮೇಲೆ ಸನ್ಯಾಸಿಗಳು ಕಟ್ಟಿಕೊಂಡ ಗುಮ್ಮಟದಂಥ ಕುಟೀರಗಳಿಗೂ ಗಾರೆಯಿಲ್ಲ. ಕಲ್ಲನ್ನು ಒಳಚಾಚಿ ಏರಿಸಿದ ಅವುಗಳನ್ನು ಕಂಡವರು ನ್ಯೂಗ್ರೇಂಜಿನ ವಿದ್ಯೆಯೇ ಉಳಿದುಬಂದಿದೆ ಎಂದುಬಿಡುತ್ತಾರೆ. ನಡುವೆ ಸುಮಾರು ನಾಲ್ಕು ಸಾವಿರ ವರ್ಷಗಳಿವೆ. ಚಪ್ಪಡಿಕಲ್ಲು ಧಾರಾಳವಾಗಿದ್ದು ಮರ ಸಿಗದ ಕಡೆ ಯಾರಿಗಾದರೂ ಹೊಳೆಯಬಹುದಾದ ಉಪಾಯ ಅದು. ಆ ಸನ್ಯಾಸಿಗಳ ಮನಸ್ಸು ಇದ್ದದ್ದು ಬಾಯ್ನ್ ಕಣಿವೆಯಲ್ಲಲ್ಲ, ಈಜಿಪ್ಟಿನ ಮರುಭೂಮಿಯಲ್ಲಿ. ಮೊನಾಸ್ಟರ್‌ಬಾಯ್ಸ್‌ನ ಐದು ಮೀಟರ್‌ಗೂ ಎತ್ತರದ ಮುಯಿರೆದಖ್ ಶಿಲುಬೆಯ ಮೇಲೆ ಮರುಭೂಮಿಯ ಸಂತರಾದ ಆಂಟೊನಿ ಮತ್ತು ಪೌಲರನ್ನು ಕೆತ್ತಿದ್ದಾರೆ. 2006ರಲ್ಲಿ ಜೌಗುನೆಲದಲ್ಲಿ ಸಿಕ್ಕ 800ರ ಸುಮಾರಿನ ಕೀರ್ತನೆಗಳ ಹಸ್ತಪ್ರತಿಯೊಂದರ ಚರ್ಮದ ಹೊದಿಕೆಯ ಒಳಪದರದಲ್ಲಿ ಈಜಿಪ್ಟಿನ ಪಪೈರಸ್ ಇತ್ತು.

ಹಳೆಯ ಜಾಗದ ನೆತ್ತಿಯನ್ನೇ ಚರ್ಚು ಹಿಡಿದ ಉದಾಹರಣೆ ಪಶ್ಚಿಮ ತೀರದ ಕ್ರೋ ಪ್ಯಾಟ್ರಿಕ್ ಬೆಟ್ಟ. 764 ಮೀಟರ್ ಎತ್ತರದ ಇದರ ತುದಿಗೆ ಜುಲೈ ತಿಂಗಳ ಕೊನೆಯ ಭಾನುವಾರ ಸಾವಿರಾರು ಜನ, ಕೆಲವರು ಬರಿಗಾಲಲ್ಲಿ, ಹತ್ತುತ್ತಾರೆ. 1990ರ ದಶಕದ ಉತ್ಖನನದಲ್ಲಿ ತುದಿಯಲ್ಲಿ ಪುರಾತನ ಒಡ್ಡು ಗೋಡೆಯ ಕುರುಹೂ, ಕ್ರಿ.ಶ. 430ರಿಂದ 890ರ ನಡುವಿನದೆಂದು ಕಾಲ ನಿರ್ಣಯಿಸಿದ ಒಂದು ಪುಟ್ಟ ಪ್ರಾರ್ಥನಾಲಯವೂ ಸಿಕ್ಕವು. ಪೂರ್ವಕ್ಕೆ ಕೆಲವು ಕಿಲೋಮೀಟರ್ ದೂರದ ಬೋಹೆ ಬಂಡೆಯ ಮೇಲೆ ಇತಿಹಾಸಪೂರ್ವ ಕಾಲದ ಬಟ್ಟಲು-ಉಂಗುರ ಕೆತ್ತನೆಗಳಿವೆ. ಅಲ್ಲಿ ನಿಂತು ನೋಡಿದರೆ ಏಪ್ರಿಲ್ 18 ಮತ್ತು ಆಗಸ್ಟ್ 24ರಂದು ಮುಳುಗುವ ಸೂರ್ಯ ಬೆಟ್ಟದ ಇಳಿಜಾರಿನ ಮೇಲೆ ಉರುಳಿಕೊಂಡು ಹೋದಂತೆ ಕಾಣುತ್ತಾನೆ. ಅದೇ ಬಂಡೆಗೆ ಈಗ ಪ್ಯಾಟ್ರಿಕ್‌ನ ಪೀಠವೆಂಬ ಹೆಸರು, ಯಾತ್ರಾಮಾರ್ಗದ ಒಂದು ತಂಗುಘಟ್ಟ ಅದು.

ಬಾಯ್ನ್ ಕಣಿವೆಯಲ್ಲಿ ಈ ಹಳೆಯ ವ್ಯವಸ್ಥೆ ಮುಗಿದದ್ದು 12ನೇ ಶತಮಾನದಲ್ಲಿ. 1142ರಲ್ಲಿ ಫ್ರಾನ್ಸಿನಿಂದ ಬಂದ ಸಿಸ್ಟರ್ಷಿಯನ್ ಸನ್ಯಾಸಿಗಳು ಹತ್ತಿರದ ಮೆಲ್ಲಿಫಾಂಟ್‌ನಲ್ಲಿ ಯುರೋಪಿನ ಚೌಕಾಕಾರದ ಯೋಜನೆಯ ಮಠ ಕಟ್ಟಿದರು. ಮಹಾದಿಬ್ಬಗಳಿದ್ದ ನೆಲ ಅವರ ಬೇಸಾಯದ ಜಮೀನಾಯಿತು. ನ್ಯೂಗ್ರೇಂಜಿನ ಮೇಲೆ ಕುರಿ ಮೇಯ್ದವು, ಮರ ಬೆಳೆದವು. 1699ರಲ್ಲಿ ಜಮೀನಿನ ಒಡೆಯ ಚಾರ್ಲ್ಸ್ ಕ್ಯಾಂಪ್‌ಬೆಲ್ಲನ ಆಳುಗಳು ಕಲ್ಲಿಗಾಗಿ ದಿಬ್ಬ ಕೆದಕುವಾಗ ಸುರುಳಿ ಕೆತ್ತನೆಯ ಬಾಗಿಲುಗಲ್ಲು ಎದುರಾಯಿತು. ಆ ವರ್ಷವೇ ಅಲ್ಲಿಗೆ ಬಂದ ವೆಲ್ಷ್ ವಿದ್ವಾಂಸ ಎಡ್ವರ್ಡ್ ಲ್ಹೂಯ್ಡ್‌ಗೆ ದಿಬ್ಬದ ತಲೆಯ ಬಳಿ ರೋಮನ್ ಚಕ್ರವರ್ತಿ ವ್ಯಾಲೆಂಟಿನಿಯನ್‌ನ ಚಿನ್ನದ ನಾಣ್ಯವೊಂದು ಸಿಕ್ಕಿದ್ದ ಸುದ್ದಿ ತಿಳಿಯಿತು. ಇಂಥ ಕಟ್ಟಡಗಳನ್ನು ವೈಕಿಂಗರದೆಂದು ಹೇಳುವುದು ಆಗ ರೂಢಿಯಲ್ಲಿತ್ತು. ನಾಣ್ಯ ವೈಕಿಂಗರ ದಾಳಿಗಿಂತ ಹಳೆಯದು, ಆದ್ದರಿಂದ ದಿಬ್ಬವೂ ಅದಕ್ಕಿಂತ ಹಳೆಯದು. ಕೆತ್ತನೆ ರೋಮನ್ನರದಲ್ಲ, ಆದ್ದರಿಂದ ಇದು ಪ್ರಾಚೀನ ಐರಿಷರೇ ಕಟ್ಟಿದ ಬಲಿಸ್ಥಾನ ಅಥವಾ ಸಮಾಧಿ ಎಂದು ಲ್ಹೂಯ್ಡ್ ತನ್ನ ಪತ್ರದಲ್ಲಿ ತರ್ಕಿಸಿದ. ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ ಕಟ್ಟಿದ್ದ ದಿಬ್ಬಕ್ಕೆ ಯಾರೋ ಒಪ್ಪಿಸಿದ್ದ ಹರಕೆಯೇ ಅವನ ಕೈಯಲ್ಲಿ ಕಾಲನಿರ್ಣಯದ ಮೊದಲ ಸಾಧನವಾಯಿತು.